ಬಿ.ಎ. ಮುಗಿಸಿ ಹುಣಸೆಮರದ ಬುಡದಲ್ಲಿ

ನಾನು ನೌಕರಿಯಿಂದ ನಿವೃತ್ತನಾಗಿ ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೆ ಮನೆ ಮಾಡಿಕೊಂಡ ಮೇಲೆ, ಹೊಸದಾಗಿ ಬಿ.ಎ., ಬಿ.ಎಸ್ಸಿ. ಪಾಸಾದ ನಮ್ಮ ಸೀಮೆಯ ಹುಡುಗರು ಒಬ್ಬೊಬ್ಬರಾಗಿ ನನ್ನ ಜಗಲಿ ಹತ್ತತೊಡಗಿದ್ದಾರೆ. ಶಿರಾದವರು ಬರುತ್ತಾರೆ, ಕೊರಟಗೆರೆ ಕಡೆಯ ಹೊಳವನಹಳ್ಳಿಯವರು ಬರುತ್ತಾರೆ, ಮಾತಿನ ನಡುವೆ ತೆಲುಗು ಬೆರೆಸುವ ಪಾವಗಡದವರೂ ಬರುತ್ತಾರೆ. ಬಂದವರು ಡಿಗ್ರಿಯ ಕಾಗದ ತೋರಿಸಿ ಕೇಳುವುದು ಒಂದೇ ಮಾತು: "ಸಾರ್, ಮುಂದೆ ಏನು ಮಾಡಬೇಕು? ನೀವು ಪಳಗಿದವರು, ಹೇಳಿ."

ಪಳಗಿದವನು ಎನ್ನಿಸಿಕೊಳ್ಳುವುದು ನನಗೆ ಸಂತೋಷವೇ. ಆದರೆ ಉತ್ತರ ಹೊಳೆಯುವುದಿಲ್ಲ. ಮೊನ್ನೆ ಒಬ್ಬನಿಗೆ, "ತಿಳಿಯದ್ದನ್ನು ತಿಳಿಯದು ಎಂದು ಧೈರ್ಯವಾಗಿ ಹೇಳಪ್ಪ" ಎಂದೆ. ಅವನು ಬೀದಿಯ ತಿರುವು ದಾಟುವ ಮುಂಚೆಯೇ ಅದು ಸರಿಯಾದ ಬುದ್ಧಿವಾದವೇ ಎಂದು ಅನುಮಾನ ಬಂತು. ಮರುದಿನ ಬಂದ ಇನ್ನೊಬ್ಬನಿಗೆ, "ತಿಳಿಯದಿದ್ದರೂ ತಡವರಿಸಬೇಡ, ಹೆಜ್ಜೆ ಮುಂದಿಡು" ಎಂದೆ. ಅದರ ಮೇಲೂ ಅನುಮಾನವೇ. ಇಬ್ಬರೂ ಎಲ್ಲಾದರೂ ಕೂತು ತಾಳೆ ನೋಡಿದರೆ ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾರೆ. ಎರಡೂ ಮಾತು ನನಗೆ ಹುಟ್ಟಿದ್ದು ಐ.ಡಿ.ಹಳ್ಳಿ ಹೋಬಳಿಯ ಒಂದೇ ಹುಣಸೆಮರದ ಬುಡದಲ್ಲಿ. ಆ ಕಥೆಯನ್ನೇ ಬರೆದಿಡುತ್ತೇನೆ. ಬುದ್ಧಿವಾದ ಯಾವುದು ಎಂದು ಓದಿದವರೇ ಆರಿಸಿಕೊಳ್ಳಲಿ.

ನನ್ನ ವಿಷಯ ಮೊದಲು. ನಮ್ಮ ಮನೆತನದಲ್ಲಿ ಹೆಸರಿನ ಪಕ್ಕದಲ್ಲಿ ಬಿ.ಎ. ಎಂದು ಬರೆಸಿಕೊಂಡವನು ನಾನೇ ಮೊದಲಿಗ, ನಮ್ಮೂರಿಗೂ ಮೊದಲಿಗ. ಇಂಥದ್ದನ್ನು ವಿನಯದಿಂದ ಹೇಳಬೇಕಂತೆ. ವಿನಯ ಅಪ್ಪ ಅಜ್ಜ ಓದಿದವರಿಗಿರಲಿ. ನಮ್ಮಪ್ಪ ಶಿರಾ ತಾಲ್ಲೂಕಿನಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದವನು, ಹೆಬ್ಬೆಟ್ಟಿನವನು. ನಾನು ಮೈಸೂರಿನಲ್ಲಿ ಹಗಲು ಕಾಲೇಜು, ಸಂಜೆ ಒಬ್ಬ ಮಂಡಿ ಸಾಹುಕಾರರ ಮನೆಯಲ್ಲಿ ಬರವಣಿಗೆಯ ಕೆಲಸ ಎಂದು ಓದಿದವನು. ನಮ್ಮ ವಿಶ್ವವಿದ್ಯಾನಿಲಯ ಆಗಿನ್ನೂ ಕಣ್ಣು ಬಿಟ್ಟ ಕಾಲ. ಡಿಗ್ರಿಯ ಕಾಗದ ತಂದು ಅಪ್ಪನ ಕೈಗೆ ಕೊಟ್ಟಾಗ ಅವನು ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ.

"ಇದ್ರಾಗೆ ಎಲ್ಲಾ ಬರ್ದೈತೇನ್ಲಾ?"

"ಎಲ್ಲಾ ಅಂದರೆ?"

"ನೀನು ಕಲ್ತಿದ್ದೆಲ್ಲಾ ಕಣ್ಲಾ."

"ಇಲ್ಲಪ್ಪ. ನನ್ನ ಹೆಸರು ಐತೆ, ಪಾಸಾದೋನು ಅಂತ ಐತೆ."

"ಹೆಸ್ರು ನಾನೇ ಇಟ್ಟಿದ್ನಲ್ಲಾ" ಎಂದು ಅಪ್ಪ ಕಾಗದವನ್ನು ವಾಪಸು ಕೊಟ್ಟ. ಅವನಿಗೆ ಬೇಸರವಾಯಿತೋ ಹೆಮ್ಮೆಯಾಯಿತೋ ನನಗೆ ಗೊತ್ತಾಗಲಿಲ್ಲ. ಅಲ್ಲಿಂದ ಶುರುವಾದ ಗೊಂದಲ ನೌಕರಿಯುದ್ದಕ್ಕೂ ಜೊತೆಗೆ ಬಂತು.

ನನ್ನನ್ನು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಗೆ ಶೇಕದಾರನಾಗಿ ಹಾಕಿದರು. ಕಂದಾಯ, ಹೊಲದ ಗಡಿ, ಗಡಿಗೆ ನೆಟ್ಟ ಬಾಂದುಕಲ್ಲು, ಸರ್ಕಾರಿ ಮರ, ಹುಟ್ಟು ಸಾವು, ಎಲ್ಲಕ್ಕೂ ಹೋಬಳಿಯಲ್ಲಿ ಸರ್ಕಾರ ಎಂದರೆ ಶೇಕದಾರ. ಅವನ ಮೇಲೆ ತಾಲ್ಲೂಕಿನ ಅಮಲ್ದಾರರು. ನಮ್ಮ ಅಮಲ್ದಾರರು ಜರಿ ರುಮಾಲಿನವರು, ನಶ್ಯದವರು, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಎದುರಿಗಿದ್ದವನು ಬೆವರುವಷ್ಟು ಹೊತ್ತು ಬಿಡುವವರು. ಮೊದಲ ದಿನ ನನ್ನನ್ನು ನಿಲ್ಲಿಸಿಕೊಂಡು ಕೇಳಿದರು.

"ಏನು ಓದಿದ್ದೀರಿ?"

"ಇತಿಹಾಸ, ಅರ್ಥಶಾಸ್ತ್ರ, ಸ್ವಾಮಿ."

"ಕುದುರೆ ಸವಾರಿ ಬರುತ್ತದೆಯೇ?"

"ಇಲ್ಲ ಸ್ವಾಮಿ."

"ಮಣ್ಣು ನೋಡಿ ಏನು ಬೆಳೆಯುತ್ತದೆ ಎಂದು ಹೇಳುತ್ತೀರಾ?"

"ನಮ್ಮೂರ ಮಣ್ಣಾದರೆ ಹೇಳುತ್ತೇನೆ ಸ್ವಾಮಿ."

"ಹಾಗಾದರೆ ತಲೆಯೊಳಗೆ ಬೇಕಾದಷ್ಟು ಜಾಗ ಖಾಲಿ ಇದೆ, ಸಂತೋಷ" ಎಂದು ನಶ್ಯ ಏರಿಸಿದರು. ಅದು ಹಾಸ್ಯವೋ ಬೈಗುಳವೋ ಇವತ್ತಿಗೂ ನಿರ್ಧರಿಸಿಲ್ಲ.

ಸವಾರಿ ಕಲಿಯಲೆಂದು ಒಂದು ತಟ್ಟು ಕುದುರೆ ಕೊಂಡೆ. ಅದರ ಮೊದಲಿನ ಯಜಮಾನ ಅಬಕಾರಿ ಇಲಾಖೆಯವನು ಎಂಬುದನ್ನು ಮಾರಿದವನು ಹೇಳಿರಲಿಲ್ಲ. ಹೋಬಳಿಯ ಪ್ರತಿಯೊಂದು ಹೆಂಡದ ಅಂಗಡಿಯ ಮುಂದೂ ಅದು ತಾನಾಗಿ ನಿಂತುಬಿಡುತ್ತಿತ್ತು. ಎಷ್ಟು ಒದ್ದರೂ ಕದಲುತ್ತಿರಲಿಲ್ಲ. ಅಂಗಡಿಯವರು ಗೌರವದಿಂದ ಎದ್ದು ನಿಲ್ಲುವರು. ಹೊಸ ಶೇಕದಾರ ಬಿ.ಎ. ಓದಿದ್ದಾನೆ, ಕುಡಿಯುತ್ತಾನೆ, ಎಂಬ ಎರಡು ಸುದ್ದಿಗಳು ನನಗಿಂತ ಮುಂಚೆ ಊರು ಸೇರುತ್ತಿದ್ದವು. ನನ್ನ ಜವಾನ ಶಿರಾದ ಇಮಾಂ ಸಾಬಿ ನನ್ನ ಮುಖ ನೋಡಿ, "ಫಿಕರ್ ಮಾಡ್ಬ್ಯಾಡಿ ಸಾಬ್, ಕುಡಿಯೋರು ಅಂದ್ಮ್ಯಾಲೆ ಜನ ಹತ್ರ ಬತ್ತಾರೆ" ಎಂದ. ನಿಜಕ್ಕೂ ಬಂದರು.

ಬಂದವರ ಪ್ರಶ್ನೆಗಳೇ ನನಗೆ ಗಾಬರಿ. ಒಬ್ಬ ಮೇವು ಬಿಟ್ಟ ಎತ್ತನ್ನು ಹಿಡಿದುಕೊಂಡು ಬಂದ. ಒಬ್ಬಳು ಮಗಳಿಗೆ ಯಾವಾಗ ಗಂಡು ಕೂಡಿ ಬರುತ್ತದೆ ಎಂದು ಕೇಳಿದಳು. ಒಬ್ಬ ರೈತ, "ಬಾವಿ ಎಲ್ಲಿ ತೋಡ್ಲಿ ಸಾಮಿ?" ಎಂದ. "ನನಗೆ ಗೊತ್ತಿಲ್ಲಪ್ಪ" ಎಂದೆ. ಅವನು, "ಅಷ್ಟು ಓದಿ ಗೊತ್ತಿಲ್ಲ ಅಂದ್ರೆ ಹೆಂಗೆ? ಹೇಳಾಕೆ ಇಷ್ಟ ಇಲ್ಲ ಅನ್ನಿ" ಎಂದು ಮುನಿಸಿಕೊಂಡು ಹೋದ. ಗೊತ್ತಿಲ್ಲ ಎಂಬ ಮಾತನ್ನು ಹೋಬಳಿಯಲ್ಲಿ ಒಬ್ಬನೂ ನಂಬಲಿಲ್ಲ. ಬಿ.ಎ. ಎಂದರೆ ಎಲ್ಲ ಬಲ್ಲವನು. ಬಲ್ಲದ್ದನ್ನು ಹೇಳದಿದ್ದರೆ ಅವನು ಗರ್ವಿ. ಹೊಸ ಗ್ರಾಜುಯೇಟರು ಇದಕ್ಕೊಂದು ಸಿದ್ಧತೆ ಮಾಡಿಕೊಂಡು ಹೋಗಬೇಕು. ಏನು ಸಿದ್ಧತೆ ಎಂದು ಮಾತ್ರ ಕೇಳಬೇಡಿ.

ಅದೇ ವರ್ಷ ಸಣ್ಣೀರಕ್ಕ ನನ್ನ ಬಳಿಗೆ ಬಂದಳು. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಹೋಬಳಿಯ ಒಂದು ಸಣ್ಣ ಹಳ್ಳಿಯಲ್ಲಿ ಅವಳಿಗೊಂದು ಕಲ್ಲು ಹೊಲ. ಅದರ ಪಡುವಣ ಅಂಚಿನಲ್ಲಿ ದೊಡ್ಡದೊಂದು ಹುಣಸೆಮರ. ಹೊಲ ಕೊಡುತ್ತಿದ್ದುದು ಅಷ್ಟಕ್ಕಷ್ಟೆ, ಅವಳನ್ನು ಸಾಕುತ್ತಿದ್ದುದು ಮರ. ಹಣ್ಣು ಬಡಿದು, ಸಿಪ್ಪೆ ಬಿಡಿಸಿ, ಬೀಜ ತೆಗೆದು, ಉಂಡೆ ಕಟ್ಟಿ ಸಂತೆಗೆ ಹೊತ್ತರೆ ಅವಳ ವರ್ಷ ಕಳೆಯುತ್ತಿತ್ತು. ಈಗ ಪಕ್ಕದ ಹೊಲವನ್ನು ಐ.ಡಿ.ಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದ ರುದ್ರಪ್ಪ ಎಂಬ ಲಿಂಗವಂತ ವ್ಯಾಪಾರಿ ಕೊಂಡಿದ್ದ. ಮರ ತನ್ನದು ಎನ್ನುತ್ತಿದ್ದ. ಮರ ಹೋದರೆ ಅವಳಿಗೆ ಕೂಲಿಯೇ ಗತಿ. ಆ ವಯಸ್ಸಿಗೆ ಕೂಲಿಗೆ ಕರೆಯುವವರೂ ಇಲ್ಲ.

"ನನ್ ಗಂಡ ಸಾಯಾಗ, ಮರ ನಿಂದು ಕಣಮ್ಮಿ ಅಂತ ಹೇಳಿ ಸತ್ತ, ಸಾಮಿ" ಎಂದಳು ಅವಳು.

ರುದ್ರಪ್ಪನನ್ನು ಕರೆಸಿದೆ. ಹಣೆ ತುಂಬ ವಿಭೂತಿ, ಮೃದು ಮಾತು. "ಹೊಲ ಮಾರ್ದೋನು ಮರಾನೂ ಸೇರ್ಸಿ ಮಾರ್ತಿದೀನಿ ಅಂತ ಬೆರಳು ಮಾಡಿ ತೋರ್ಸಿದ ಸಾಮಿ. ಅಕ್ಕನ ಹೊಟ್ಟೆ ಮ್ಯಾಲೆ ಹೊಡಿಯಾಕೆ ನಂಗೇನು ಖುಷಿನಾ? ನಂದಲ್ದಿದ್ರೆ ಬ್ಯಾಡ. ನಂದಾದ್ರೆ ಯಾಕೆ ಬುಡಲಿ, ನೀವೇ ಹೇಳಿ."

ಜಗಳದಲ್ಲಿ ಒಬ್ಬ ನಿಜ ಹೇಳುತ್ತಾನೆ, ಇನ್ನೊಬ್ಬ ಸುಳ್ಳು ಹೇಳುತ್ತಾನೆ, ಪತ್ತೆ ಹಚ್ಚುವುದೇ ಅಧಿಕಾರಿಯ ಕೆಲಸ ಎಂದು ನಾನು ತಿಳಿದಿದ್ದೆ. ಇಲ್ಲಿ ಇಬ್ಬರ ಮಾತೂ ನಿಜದಂತೆಯೇ ಕೇಳಿಸಿತು. ನಿಮ್ಮ ನೌಕರಿಯಲ್ಲೂ ಬಹುಪಾಲು ಹೀಗೇ ಇರುತ್ತದೆ. ಸುಳ್ಳುಗಾರರು ಸಿಕ್ಕಿದ ದಿನ ಅಧಿಕಾರಿಗೆ ಹಬ್ಬ.

ಸರಿ, ಅಳತೆಯ ಸರಪಳಿ ತರಿಸಿದೆ. ಇಮಾಂ ಸಾಬಿ ಒಂದು ತುದಿ, ಊರಿನ ತಳವಾರ ಒಂದು ತುದಿ. ಮೂಡಲ ಬಾಂದುಕಲ್ಲಿನಿಂದ ಅಳೆದೆ. ಮರ ಸಣ್ಣೀರಕ್ಕನ ಹೊಲಕ್ಕೆ ಬಂತು. ನಾನು ಎಳೆಯ ಉತ್ಸಾಹದಲ್ಲಿ ಅಲ್ಲೇ ನಿಂತು, "ಮರ ಇವರದು" ಎಂದು ಸಾರಿಬಿಟ್ಟೆ. ರುದ್ರಪ್ಪ ಕೋಪಿಸಿಕೊಳ್ಳಲಿಲ್ಲ. "ಪಡುವಣ ಕಲ್ಲಿಂದಾನೂ ಒಂದ್ಸಾರಿ ಅಳೆದ್ಬುಡಿ ಸಾಮಿ, ನನ್ ಸಮಾಧಾನಕ್ಕೆ" ಎಂದ. ಮರುದಿನ ಪಡುವಣ ಕಲ್ಲಿನಿಂದ ಅಳೆದೆ. ಮರ ರುದ್ರಪ್ಪನ ಹೊಲಕ್ಕೆ ಹೋಯಿತು. ಎರಡು ಕಲ್ಲುಗಳಲ್ಲಿ ಒಂದು ಯಾವುದೋ ಕಾಲದಲ್ಲಿ ಸರಿದಿದೆ. ನೇಗಿಲು ತಾಗಿಯೋ, ಹಳ್ಳದ ನೀರು ನುಗ್ಗಿಯೋ. ಯಾವುದು ಸರಿದದ್ದು ಎಂದು ಹೇಳುವವರು ಯಾರೂ ಬದುಕಿರಲಿಲ್ಲ.

ಇಮಾಂ ಸಾಬಿ ಸರಪಳಿ ಸುತ್ತುತ್ತಾ, "ಜಮೀನೇ ಓಡಾಡ್ತಾ ಐತೆ ಸಾಬ್. ನಾವ್ ಬೇಕೂಫರು ಹಿಂದಿಂದೆ ಓಡ್ತಾ ಇದೀವಿ" ಎಂದ.

ಸರ್ವೆಯವರಿಗೆ ಬರೆದೆ. ಅವರು ಪಾವಗಡದ ಗಡಿಯಲ್ಲಿ ದೊಡ್ಡ ಕೆಲಸದಲ್ಲಿದ್ದರು. ಮುಗಿಸಿ ಬರುತ್ತೇವೆ ಎಂದರು. ಅಷ್ಟರಲ್ಲಿ ಮರದಲ್ಲಿ ಕಾಯಿ ಬಲಿಯತೊಡಗಿತ್ತು. ಊರಿನ ಹಿರಿಯರು ಸೇರಿ, ಇದಕ್ಕೆ ಸರಪಳಿ ಸಾಲದು, ಮಣ್ಣು ಹೊರಬೇಕು ಎಂದು ತೀರ್ಮಾನಿಸಿದರು.

ಈಗಿನ ಹುಡುಗರಿಗೆ ಇದು ತಿಳಿಯದಿರಬಹುದು. ಗಡಿ ಗೊತ್ತಾಗದೆ ಹೋದಾಗ, ಹಕ್ಕು ಹೇಳುವ ಕಡೆಯ ಗಂಡಸೊಬ್ಬ ತಣ್ಣೀರು ಮಿಂದು, ಒದ್ದೆ ಬಟ್ಟೆಯಲ್ಲಿ, ಆ ಹೊಲದ ಮಣ್ಣನ್ನೇ ತಲೆಯ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೆಯುತ್ತಾನೆ. ಅವನು ಕಾಲಿಟ್ಟದ್ದೇ ಗಡಿ. ಎದುರಿನವನು ಚಕಾರ ಎತ್ತುವಂತಿಲ್ಲ. ಸುಳ್ಳು ನಡೆದರೆ ಹೊತ್ತವನ ವಂಶ ಉಳಿಯುವುದಿಲ್ಲ ಎಂಬುದು ನಂಬಿಕೆ. ರುದ್ರಪ್ಪ ತಕ್ಷಣ ಒಪ್ಪಿದ: "ನಾನು ಹೊಸಬ, ಹಳೇದು ನಂಗೊತ್ತಿಲ್ಲ, ನಾನು ಹೊರಾಕಿಲ್ಲ. ಅಕ್ಕನ ಕಡೇಲಿ ಯಾರಾದ್ರೂ ಹೊರಲಿ. ಎಲ್ಲಿ ನಡೀತಾರೋ ಅಲ್ಲಿ ಕಲ್ಲು ನೆಡ್ತೀನಿ."

ಆದರೆ ಅವಳ ಕಡೆ ಗಂಡಸರೆಲ್ಲಿ? ಮೈದುನರ ಮಕ್ಕಳು ವಂಶದ ಹೆದರಿಕೆಗೆ ಹಿಂದೆ ಸರಿದರು. ಆಗ ಸಣ್ಣೀರಕ್ಕ ನನ್ನ ಬಿಡಾರಕ್ಕೆ ಬಂದು ಬಾಗಿಲಲ್ಲಿ ನಿಂತಳು.

"ನೀನೇ ಹೊತ್ಕಂಡು ನಡೀಬೇಕು ಕಣಪ್ಪ."

"ನಾನಾ? ನಾನು ಸರ್ಕಾರದವನಮ್ಮ."

"ಅದ್ಕೇಯ. ನೀನು ಅವರ ಕಡೆನೂ ಅಲ್ಲ, ನನ್ ಕಡೆನೂ ಅಲ್ಲ. ಅಲ್ದೆ ಬಿ.ಎ. ಓದಿದೀಯ. ನಿಂಗೆ ಸುಳ್ಳು ಬರಾಕಿಲ್ಲ ಅಂತ ಊರಾಗೆಲ್ಲ ಅಂತಾರೆ."

ಅವಳು ತಪ್ಪು ತಿಳಿದಿದ್ದಳು. ಊರೇ ತಪ್ಪು ತಿಳಿದಿತ್ತು. ಡಿಗ್ರಿ ಎಂದರೆ ಪಾದಗಳಿಗೂ ಗಡಿ ಗೊತ್ತಿರುತ್ತದೆ ಎಂದುಕೊಂಡಿದ್ದರು. ನಾನು ಆಗಲ್ಲ ಎಂದು ಹೇಳಿಬಿಡಬೇಕಿತ್ತು. ಆದರೆ ನನ್ನ ಬಿ.ಎ. ಮೇಲೆ ಮನುಷ್ಯರೊಬ್ಬರು ಅನ್ನದ ಭಾರ ಇಟ್ಟು ಮಾತಾಡಿದ್ದು ಅದೇ ಮೊದಲು. ನಮ್ಮಪ್ಪ ಕೂಡ ಹಾಗೆ ನಂಬಿರಲಿಲ್ಲ. "ಅಮಲ್ದಾರರನ್ನು ಕೇಳಿ ಹೇಳ್ತೀನಿ" ಎಂದೆ.

ಮಧುಗಿರಿಗೆ ಹೋದೆ. ಅಮಲ್ದಾರರು ಪೂರ್ತಿ ಕೇಳಿಸಿಕೊಂಡು, ಕಿಟಕಿಯಾಚೆ ಬೋಳುಬಂಡೆಯ ಬೆಟ್ಟವನ್ನು ನೋಡುತ್ತಾ ಕೂತರು.

"ಸರ್ಕಾರಿ ನೌಕರ ತಲೆಯ ಮೇಲೆ ಮಣ್ಣು ಹೊರಕೂಡದು ಎಂದು ಯಾವ ನಿಯಮದಲ್ಲೂ ಇಲ್ಲ" ಎಂದರು ಕೊನೆಗೆ.

"ಹಾಗಾದರೆ ಹೊರಲೇ ಸ್ವಾಮಿ?"

"ಹೊರಬೇಕು ಎಂದೂ ಇಲ್ಲ."

ನಾನು ಬೆವರಿದೆ. ಅವರು ಮುಂದುವರಿಸಿದರು: "ನೀವು ನನ್ನನ್ನು ಕೇಳಿಲ್ಲ. ನಾನೂ ಹೇಳಿಲ್ಲ. ರುಮಾಲು ಮಾತ್ರ ತೆಗೆದಿಟ್ಟು ಹೊರಿ. ಅದು ಹುಜೂರು ಸರ್ಕಾರದ ಮರ್ಯಾದೆ."

ಅಪ್ಪಣೆಯಾಯಿತೋ ನಿರಾಕರಣೆಯಾಯಿತೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ತಟ್ಟು ತನ್ನ ವಾಡಿಕೆಯ ಜಾಗಗಳಲ್ಲೆಲ್ಲ ನಿಂತು ನನಗೆ ಯೋಚಿಸಲು ಸಮಯ ಕೊಟ್ಟಿತು. ತೀರ್ಮಾನ ಮಾತ್ರ ಆಗಲಿಲ್ಲ. ಮೇಲಧಿಕಾರಿಗಳ ಮಾತು ಕೈ ತಪ್ಪಿ ಸಡಿಲವಾಗಿದೆ ಎಂದು ಹೊಸಬರು ತಿಳಿಯಬಾರದು. ಎರಡೂ ಕಡೆ ತೆರೆಯುವ ಬಾಗಿಲನ್ನು ಅವರು ಬೇಕೆಂದೇ ಇಡಿಸಿರುತ್ತಾರೆ.

ನಾನು ಇಲ್ಲ ಎನ್ನಲಾರದೆ ಹೋದೆ; ಶೇಕದಾರ ಹೊತ್ತರೂ ಆದೀತು ಎಂದು ಹಿರಿಯರೂ ಒಪ್ಪಿದರು. ಮಣ್ಣು ಹೊರುವ ದಿನ ಊರೆಲ್ಲ ಹೊಲದಲ್ಲಿತ್ತು. ನಾನು ಬಾವಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ, ಬರಿ ತಲೆಯಲ್ಲಿ ನಿಂತೆ. ಹಿರಿಯರು ಸಣ್ಣೀರಕ್ಕನ ಹೊಲದ ಕೆಂಪು ಮಣ್ಣನ್ನು ಮಂಕರಿಗೆ ತುಂಬಿ, ನೀರು ಚಿಮುಕಿಸಿ, ಬೇವಿನ ಸೊಪ್ಪಿಟ್ಟು ನನ್ನ ತಲೆಯ ಮೇಲೆ ಇಟ್ಟರು. ಮಂಕರಿ ಭಾರವಿರಲಿಲ್ಲ. ಆದರೆ ಅದು ತಲೆಗೆ ತಾಗಿದ ಕೂಡಲೇ ಕಾಲೇಜು ಎಲ್ಲೋ ಹೋಯಿತು. ನಾನು ನಮ್ಮೂರಿನ ಹುಡುಗನಾಗಿಬಿಟ್ಟೆ. ಸುಳ್ಳು ಮಣ್ಣು ಹೊತ್ತು ಮನೆ ಬಾಗಿಲು ಮುಚ್ಚಿಹೋದವರ ಕಥೆಗಳನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವನು ನಾನು. ಇತಿಹಾಸದ ಪರೀಕ್ಷೆಯಲ್ಲಿ ಇಂಥವನ್ನು ಮೂಢನಂಬಿಕೆ ಎಂದು ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ.

ತಕರಾರಿಲ್ಲದ ಬಡಗಣ ಕಲ್ಲಿನಿಂದ ನಡೆದೆ. ಊರು ಹಿಂದೆ ಬಂತು. ಮರದವರೆಗೂ ತೊಂದರೆಯಿಲ್ಲ. ಅಲ್ಲಿ ಎರಡೇ ದಾರಿ. ಮರದ ಆಚೆಗೆ, ರುದ್ರಪ್ಪನ ಕಡೆಯಿಂದ ಬಳಸಿ ಹೋದರೆ ಮರ ಸಣ್ಣೀರಕ್ಕನದು. ಈಚೆಗೆ, ಅವಳ ಹೊಲದೊಳಗಿಂದ ಹೋದರೆ ಮರ ರುದ್ರಪ್ಪನದು. ನಾನು ಬುಡದ ಮುಂದೆ ನಿಂತುಬಿಟ್ಟೆ. ಮಣ್ಣಿನ ನೀರು ಹಣೆಯಿಂದ ಇಳಿದು ಕಣ್ಣಿಗೆ ಬಂತು. ಒರೆಸಿಕೊಳ್ಳೋಣವೆಂದರೆ ಕೈ ಎರಡೂ ಮಂಕರಿ ಹಿಡಿದಿದ್ದವು.

"ನಡೀರಿ ಸಾಮಿ!"

"ಯಾಕ್ಲಾ ನಿಂತ್ಬುಟ್ರು?"

"ಲೆಕ್ಕ ಹಾಕ್ತಾವ್ರೆ ಕಣ್ಲಾ, ಬಿ.ಎ. ಅಂದ್ರೆ ಸುಮ್ಕೆನಾ!"

ಯಾರೋ ನಕ್ಕರು. ಆಚೆಗೆ ಹೋದರೆ ಒಂದು ಜೀವಕ್ಕೆ ಅನ್ನ; ಆದರೆ ಅದು ನಿಜವೆಂದು ನನಗೆ ಗೊತ್ತಿಲ್ಲ. ಸಣ್ಣೀರಕ್ಕ ಗುಂಪನ್ನು ಬಿಟ್ಟು ನನ್ನ ಎದುರಿಗೆ ಬಂದಳು. ನನ್ನ ಮುಖವನ್ನು ಹತ್ತಿರದಿಂದ ನೋಡಿದಳು.

"ನಿಂಗೊತ್ತಿಲ್ವೇನಪ್ಪ?"

"ಗೊತ್ತಿಲ್ಲಮ್ಮ."

ಹೋಬಳಿಗೆ ಬಂದ ಮೇಲೆ ಆ ಮಾತನ್ನು ನಂಬಿದವಳು ಅವಳೊಬ್ಬಳೇ.

"ಮತ್ಯಾಕೆ ಒಪ್ಕಂಡೆ?"

"ನೀವು ಕೇಳಿದಿರಿ."

"ಗೊತ್ತಿರೋನು ಅಂತ ಕೇಳ್ದೆ ಕಣಪ್ಪ. ನಿನ್ನ ಹೆತ್ತೋಳು ಇಲ್ವಾ? ಅವಳ ಶಾಪ ನಂಗ್ಯಾಕೆ. ತತ್ತಾ ಇಲ್ಲಿ."

ಹಿರಿಯರು ಕೂಗಿದರು: "ಏ, ಹೆಂಗಸು ಮಣ್ಣು ಹೊರಾಂಗಿಲ್ಲ ಕಣಮ್ಮ!"

"ನಡುದಾರೀಲಿ ಮಣ್ಣು ಇಳಿಸಾಂಗೂ ಇಲ್ಲ" ಎಂದಳು ಅವಳು ತಿರುಗಿ. "ಯಾವ್ದು ದೊಡ್ಡ ತೆಪ್ಪು? ನೀವೇ ಕುಂತ್ಕಂಡು ಯೋಚ್ನೆ ಮಾಡ್ರಪ್ಪ. ಅಷ್ಟ್ರಾಗೆ ನಾನು ನಡ್ದು ಬತ್ತೀನಿ."

ಅವಳು ಮಂಕರಿಯನ್ನು ನನ್ನ ತಲೆಯಿಂದ ತನ್ನ ತಲೆಗೆ ತೆಗೆದುಕೊಂಡಳು. ಮರದ ಮುಂದೆ ಅವಳೂ ನಿಂತಳು. ಎಲ್ಲರೂ ಅವಳು ಆಚೆಗೆ ಹೋಗುತ್ತಾಳೆ ಎಂದೇ ತಿಳಿದಿದ್ದೆವು. ರುದ್ರಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದೂ ಆಗಿತ್ತು. ಅವಳು ಈಚೆಗೆ, ತನ್ನ ಹೊಲದೊಳಗೆ ತಿರುಗಿ, ಮರವನ್ನು ರುದ್ರಪ್ಪನಿಗೆ ಬಿಟ್ಟು, ತೆಂಕಣ ಕಲ್ಲಿನವರೆಗೆ ನಡೆದುಬಿಟ್ಟಳು.

ಆಮೇಲೆ ಬಾವಿಯ ಬಳಿ ಕೇಳಿದೆ, ಯಾಕೆ ಹಾಗೆ ಮಾಡಿದಿರಿ ಎಂದು. ಅವಳು ತಲೆ ತೊಳೆಯುತ್ತಾ ಹೇಳಿದಳು: "ಅವ್ನು ಸಾಯಾಗ ಜ್ವರದಾಗಿದ್ದ. ಮರ ನಿಂದು ಅಂದ. ಈ ಮರಾನೇ ಅಂದ್ನೋ, ಜ್ವರದಾಗೆ ಇನ್ಯಾವ್ದಾರ ಮರ ಕಂಡಿತ್ತೋ. ಇಷ್ಟು ದಿನ ನಂಗೆ ಅನುಮಾನಾನೇ ಬಂದಿರ್ಲಿಲ್ಲ. ಮಣ್ಣು ತಲೆ ಮ್ಯಾಲೆ ಕುಂತ ಮ್ಯಾಲೆ ಬಂದ್ಬುಡ್ತು."

ಆ ಅನುಮಾನವನ್ನು ಅವಳಿಗೆ ಅಂಟಿಸಿದವನು ನಾನು ತಾನೇ? ನಾನು ನಿಲ್ಲದೆ ಆಚೆಗೆ ಒಂದು ಹೆಜ್ಜೆ ಇಟ್ಟಿದ್ದರೆ ಮರ ಅವಳದಾಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ನಿಂತದ್ದು ಪ್ರಾಮಾಣಿಕತೆಯೋ, ಅಜ್ಜಿಯ ಕಥೆಗಳ ಹೆದರಿಕೆಯೋ? ಪ್ರಾಮಾಣಿಕತೆ ಎಂದು ಹೇಳಿಕೊಳ್ಳಲು ನನಗೂ ಆಸೆ. ಬಹಳ ವರ್ಷಗಳ ಮೇಲೆ ಪಾವಗಡದಲ್ಲಿದ್ದಾಗ ಒಬ್ಬ ಮುದುಕ, "ಬಾವಿ ಇಕ್ಕಡೇ ತವ್ವಮಂಟಾರಾ ದೊರಾ?" ಎಂದು ಕೋಲಿನಿಂದ ನೆಲ ಕುಟ್ಟಿ ಕೇಳಿದ. ಇಲ್ಲೇ ತೋಡಲೇ ಎಂದು. ನನಗೆ ಹುಣಸೆಮರ ನೆನಪಾಗಿ, ನಿಂತದ್ದು ಸಾಕು ಎನ್ನಿಸಿ, "ತೋಡು" ಎಂದೆ. ನೀರು ಬಂತು. ಆ ಊರಿನಲ್ಲಿ ನಾನು ಮಹಾಜ್ಞಾನಿ. ಬಾರದೆ ಹೋಗಿದ್ದರೆ? ಆ ಪ್ರಶ್ನೆಯನ್ನು ಆ ಊರಿನವರು ಯಾರೂ ಕೇಳಲಿಲ್ಲ, ನಾನು ಕೇಳಿಕೊಂಡೆ.

ಮರದ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಹಣ್ಣು ಮಾಗಿತು. ರುದ್ರಪ್ಪ ಬಡಿಸಲಿಲ್ಲ. ಒಂದು ದಿನ ನನ್ನ ಬಿಡಾರಕ್ಕೆ ಬಂದು ಕೂತ.

"ಸಾಮಿ, ಆ ಮರ ನಂಗೆ ಬ್ಯಾಡ."

"ಗಡಿ ತೀರ್ಮಾನವಾಯಿತಲ್ಲ, ರುದ್ರಪ್ಪ."

"ಏನ್ ತೀರ್ಮಾನ? ಅಕ್ಕ ಗೊತ್ತಾಗಿ ಈಚೆ ನಡೀಲಿಲ್ಲ. ಗೊತ್ತಾಗ್ದೆ ನಡೆದ್ಲು. ಆ ಹಣ್ಣು ಮನೆಗೆ ಬಂದ್ರೆ ಒಲೆ ಹಚ್ಚಾಕಿಲ್ಲ ಅಂತ ನಮ್ಮನೆಯೋಳು ಕುಂತವ್ಳೆ."

"ಹಾಗಾದರೆ ಅವರಿಗೇ ಬಿಟ್ಟುಕೊಡು."

"ಕೊಟ್ಟೆ. ನಂದಲ್ಲ ಅಂತ ಮಣ್ಣು ಹೊತ್ತೀನಿ, ನಿನ್ ದಾನ ನಂಗ್ಯಾಕೆ ಅಂತ ಬಾಗ್ಲು ಹಾಕ್ಕಂಡ್ಲು."

ಮರಕ್ಕಾಗಿ ಬಡಿದಾಡಿದ ಇಬ್ಬರೂ ಈಗ ಮರವನ್ನು ಒಬ್ಬರ ಮೇಲೊಬ್ಬರು ನೂಕುತ್ತಿದ್ದರು. ಹಣ್ಣು ಉದುರಿ ಕೋತಿಗಳ ಪಾಲಾಗುತ್ತಿತ್ತು. ಸಣ್ಣೀರಕ್ಕ ಯಾರದೋ ಕಣದಲ್ಲಿ ರಾಗಿ ಕೇರಲು ಹೋಗುತ್ತಿದ್ದಳು. ಕೇರಿದ್ದು ಸಾಲದೆ ಅವರು ನಾಳೆ ಬರಬೇಡ ಎಂದರಂತೆ. ನಾನು ಇಡೀ ಪ್ರಸಂಗವನ್ನು ಇಂಗ್ಲಿಷಿನಲ್ಲಿ, ಪದವಿಗೆ ತಕ್ಕ ಹಾಗೆ, ಪುಟಗಟ್ಟಲೆ ಬರೆದು ಅಮಲ್ದಾರರಿಗೆ ಕಳಿಸಿದೆ. ಆಗ ಟೈಪು ಮಾಡುವ ಯಂತ್ರ ನಮ್ಮ ಕಚೇರಿಗೆ ಬಂದಿರಲಿಲ್ಲ, ಎಲ್ಲ ಕೈಬರಹ. ಈಗ ಯಂತ್ರ ಬಂದ ಮೇಲೆ ಜನ ಇನ್ನೂ ಉದ್ದ ಬರೆಯುತ್ತಾರೆ. ಉತ್ತರ ಮಾತ್ರ ಆಗಲೂ ಈಗಲೂ ಅಷ್ಟೇ ಗಿಡ್ಡ. ಕನ್ನಡದಲ್ಲಿ ಒಂದು ಸಾಲು ಬಂತು: ಯಾರೂ ತಮ್ಮದೆನ್ನದ ಮರ ಸರ್ಕಾರದ್ದು, ಫಸಲು ಹರಾಜು ಮಾಡತಕ್ಕದ್ದು.

ನನಗೆ ಮೈ ಉರಿಯಿತು. ಇಬ್ಬರ ಸಂಕೋಚವನ್ನು ಸರ್ಕಾರ ನುಂಗಿ ನೀರು ಕುಡಿಯುವುದೇ? ಆದರೆ ಅಪ್ಪಣೆ ಅಪ್ಪಣೆ. ಸರ್ಕಾರಿ ಮರಗಳ ಫಸಲನ್ನು ಊರ ಚಾವಡಿಯ ಮುಂದೆ ಕೂಗಿ ಹರಾಜು ಹಾಕುವುದು ಶೇಕದಾರನ ಕೆಲಸ. ತಮಟೆ ಹೊಡೆಸಿದೆ.

ಹರಾಜಿಗೆ ಮಧುಗಿರಿಯಿಂದ ಒಬ್ಬ ಹುಣಸೆಹಣ್ಣಿನ ಗುತ್ತಿಗೆದಾರ ಬಂದಿದ್ದ. ಹೋಬಳಿಯ ಸರ್ಕಾರಿ ಮರಗಳನ್ನೆಲ್ಲ ಅವನೇ ಕೂಗಿ ಹಿಡಿಯುತ್ತಿದ್ದ. ಬೇರೆ ಮರಗಳ ಹರಾಜು ಸಲೀಸಾಗಿ ಆಯಿತು. ಈ ಮರದ ಹೆಸರು ಹೇಳಿದಾಗ ಅವನು ಬಾಯಿ ತೆರೆದ. ಹಿಂದಿನಿಂದ ಯಾರೋ, "ಮಣ್ಣು ಹೊತ್ತ ಮರ ಕಣಯ್ಯ, ನೋಡ್ಕಂಡು ಕೂಗು" ಎಂದರು. ಅವನು ಬಾಯಿ ಮುಚ್ಚಿ, ಚೀಲದಿಂದ ಎಲೆಅಡಿಕೆ ತೆಗೆದ. ಯಾರೂ ಕೂಗಲಿಲ್ಲ. ಸವಾಲೇ ಬರಲಿಲ್ಲ ಎಂದು ಬರೆದರೆ, ಮರ ಕಡಿದು ಸೌದೆಗೆ ಮಾರಿ ಎಂಬ ಇನ್ನೊಂದು ಗಿಡ್ಡ ಸಾಲು ಬರುವುದು ನನಗೆ ಗೊತ್ತಿತ್ತು.

ಆಗ ರುದ್ರಪ್ಪ, ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದ ಸಣ್ಣೀರಕ್ಕನ ಕಡೆ ತಿರುಗಿದ.

"ಅಕ್ಕ, ಕೂಗು."

"ನಂದಲ್ಲ ಅಂತ ಮಣ್ಣು ಹೊತ್ತೀನಲ್ಲಪ್ಪ."

"ನಿಂದು ಅಂತ ಯಾರಂದ್ರು? ನಂದೂ ಅಲ್ಲ. ಸರ್ಕಾರದ್ದು. ಸರ್ಕಾರದ ಹಣ್ಣು ಕೊಂಡ್ಕಳಾಕೆ ಗಡಿ ಯಾಕೆ ಬೇಕು? ನನ್ ಅಂಗಡೀಲಿ ಬೆಲ್ಲ ಕೊಂಡ್ಕತೀಯಲ್ಲ, ಅಂಗೇಯ."

ಅವಳು ರುದ್ರಪ್ಪನನ್ನಲ್ಲ, ಹಿರಿಯರನ್ನಲ್ಲ, ನನ್ನನ್ನು ಕೇಳಿದಳು: "ಹೌದೇನಪ್ಪ? ತೆಪ್ಪಾಗಾಕಿಲ್ವಾ?"

ಊರೆಲ್ಲ ನನ್ನ ಕಡೆ ತಿರುಗಿತು. ತಪ್ಪಾಗುತ್ತದೆಯೋ ಇಲ್ಲವೋ ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಅಮಲ್ದಾರರು ಇದನ್ನೆಲ್ಲ ಮುಂದಾಗಿ ಯೋಚಿಸಿಯೇ ಆ ಸಾಲು ಬರೆದಿದ್ದರೋ, ಅಥವಾ ನಶ್ಯ ಏರಿಸುವ ನಡುವೆ ಸುಮ್ಮನೆ ಗೀಚಿದ್ದರೋ, ಅದೂ ಗೊತ್ತಿಲ್ಲ; ಕೇಳುವ ಮುಂಚೆಯೇ ಅವರಿಗೆ ವರ್ಗವಾಯಿತು.

"ಆಗಲ್ಲಮ್ಮ. ಕೂಗಿ" ಎಂದೆ.

ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಸಂತೆಯಲ್ಲಿ ಕೂಗುವ ದನಿಯಲ್ಲಿ, "ನಾಕಾಣೆ!" ಎಂದಳು.

ಅಷ್ಟು ದೊಡ್ಡ ಮರದ ಫಸಲಿಗೆ ಅದು ಬೆಲೆಯೇ ಅಲ್ಲ. ನಾನು ಗುತ್ತಿಗೆದಾರನ ಕಡೆ ನೋಡಿದೆ. ಅವನು ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದ್ದ. ರುದ್ರಪ್ಪನ ಕಡೆ ನೋಡಿದೆ. ಅವನು ಚಾವಡಿಯ ಸೂರು ನೋಡುತ್ತಿದ್ದ. "ನಾಲ್ಕಾಣೆ, ಒಂದು ಸಾರಿ" ಎಂದೆ. ಯಾರೂ ಕೆಮ್ಮಲಿಲ್ಲ. "ನಾಲ್ಕಾಣೆ, ಎರಡು ಸಾರಿ." ಅಲ್ಲಿ ನನ್ನ ನಾಲಿಗೆ ತಡೆಯಿತು. ಸರ್ಕಾರದ ಉಪ್ಪು ತಿನ್ನುವವನು ನಾನು. ಇದು ಹರಾಜೋ, ಊರೆಲ್ಲ ಸೇರಿ ಕಟ್ಟಿದ ಮೌನವೋ? ಇದನ್ನು ನಿಲ್ಲಿಸುವುದು ನನ್ನ ಕರ್ತವ್ಯವೋ, ಮುಗಿಸುವುದೋ? ಹುಣಸೆಮರದ ಬುಡದಲ್ಲಿ ನಿಂತ ಹಾಗೆಯೇ ಮತ್ತೆ ನಿಂತುಬಿಟ್ಟೆ. ಸಣ್ಣೀರಕ್ಕ ನನ್ನನ್ನೇ ನೋಡುತ್ತಿದ್ದಳು.

ರುದ್ರಪ್ಪ ಸೂರಿನಿಂದ ಕಣ್ಣು ಇಳಿಸಿದ.

"ಅದೇನ್ ಸಾಮಿ, ಬಿ.ಎ. ಓದಿದೋರಿಗೆ ಎರಡಾದ ಮ್ಯಾಲೆ ಎಷ್ಟು ಅಂತ ನಾವು ಹೇಳ್ಕೊಡಬೇಕಾ?"

ಚಾವಡಿ ಗೊಳ್ಳೆಂದಿತು. ಆ ನಗುವಿನ ನಡುವೆ ನಾನು, "ಮೂರು ಸಾರಿ" ಎಂದೆ.